ಮಳೆಗಾಲದಲ್ಲಿ ಬೆವರಿದ ಕುರ್ಚಿಗಳು

ಹಳೆಯ ಊಟದ ಕುರ್ಚಿಗಳನ್ನು ಹೊಸದು ಮಾಡುವ ಕೆಲಸ ಕಲಿಯಬೇಕೆಂದು ಇತ್ತೀಚೆಗೆ ಹುಡುಗಿಯರು ನಮ್ಮ ಮನೆಗೆ ಬರುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡೇ ಬಂದಿರುತ್ತಾರೆ. ಅದರಲ್ಲಿ ಯಾರೋ ಒಬ್ಬಳು ಬಿಳಿ ಅಂಗಿ ತೊಟ್ಟು, ನಗುನಗುತ್ತ, ಒಂದು ಹಾಡು ಮುಗಿಯುವುದರೊಳಗೆ ಕುರ್ಚಿಯ ಜನ್ಮವನ್ನೇ ಬದಲಿಸಿಬಿಡುತ್ತಾಳೆ. ಇಷ್ಟು ವರ್ಷ ಈ ಕೆಲಸ ಮಾಡಿದ ನಾನು ಬಿಳಿ ಅಂಗಿ ತೊಟ್ಟು ಕುರ್ಚಿ ಬಿಚ್ಚಿದವರನ್ನು ಕಂಡಿಲ್ಲ. ಹಳೆಯ ಆಸನ ಬಿಚ್ಚಿದರೆ ಮೊದಲು ಜಿರಳೆ ಬರುತ್ತದೆ, ಆಮೇಲೆ ಧೂಳು, ಅದರ ಹಿಂದೆ ಯಾರದೋ ಮನೆಯ ಎಷ್ಟೋ ವರ್ಷಗಳ ಮೀನು ಸಾರಿನ ವಾಸನೆ. ಇದನ್ನು ಹೇಳಿದರೆ ಅರ್ಧ ಹುಡುಗಿಯರು ಮರುದಿನ ಬರುವುದಿಲ್ಲ. ಉಳಿದ ಅರ್ಧದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಬ್ಬೆರಳಿನ ಗಂಟು ಸವೆದು ಸುತ್ತಿಗೆ ಹಿಡಿಯಲು ಆಗದಂತಾದ ಮೇಲೆ ನಾನು ಕೆಲಸ ಬಿಟ್ಟೆ. ಬೀಳ್ಕೊಡುಗೆ, ಶಾಲು, ಹಾರ ಏನೂ ಇರಲಿಲ್ಲ. ಈ ವೃತ್ತಿಯಲ್ಲಿ ಬಡ್ತಿಯೂ ಇಲ್ಲ. ಮೊದಲ ದಿನ ಮೊಳೆ ಕೀಳುತ್ತೀರಿ, ಕೊನೆಯ ದಿನವೂ ಮೊಳೆಯನ್ನೇ ಕೀಳುತ್ತೀರಿ. ಆದರೆ ನನಗೊಬ್ಬರು ಮೇಲಧಿಕಾರಿ ಇದ್ದರು. ಸರಕಾರಿ ನೌಕರಿಯಲ್ಲಿ ತಪಸ್ಸು ಮಾಡಿದರೂ ಸಿಗದಂಥವರು.

ಅವರು ಅಂಕೋಲೆಯ ಹತ್ತಿರದ ಹಟ್ಟಿಕೇರಿಯ ಗುಲಾಬಿ ವೈನಿ. ಅಣ್ಣನ ಹೆಂಡತಿಯನ್ನು ವೈನಿ ಎನ್ನುವುದು ನಮ್ಮ ಕಾರವಾರದ ಕಡೆಯ ರೂಢಿ. ಇವರು ನನ್ನ ಯಾವ ಅಣ್ಣನ ಹೆಂಡತಿಯೂ ಅಲ್ಲ, ಊರಿಗೆಲ್ಲ ವೈನಿ. ಅವರ ಗಂಡ ದೋಣಿ ಕಟ್ಟುವ ಬಡಗಿ. ಮರದ ಗುಣವನ್ನು ವೈನಿ ಗಂಡನಿಂದ ಕಲಿತರು, ಆಸನ ಕಟ್ಟುವುದನ್ನು ಒಂದೊಂದೇ ಹಳೆಯ ಕುರ್ಚಿ ಬಿಚ್ಚಿ ನೋಡಿ ತಾವೇ ಕಲಿತರು. ಗಂಡ ತೀರಿಕೊಂಡ ಮೇಲೆ ಅವರ ಉಳಿ, ಸುತ್ತಿಗೆಗಳನ್ನು ಮಾರದೆ ಜಗಲಿಯ ಮೇಲೆ ಇಟ್ಟುಕೊಂಡು ಕೂತರು. ನಾನು ಮದುವೆಯಾಗಿ ಅವರ ಪಕ್ಕದ ಮನೆಗೆ ಬಂದವಳು. ಮೊದಲು ಹರಟೆ ಹೊಡೆಯಲು ಹೋದೆ, ಆಮೇಲೆ ಕುರ್ಚಿಯ ಕಾಲು ಹಿಡಿದುಕೊಳ್ಳಲು ಹೋದೆ, ಹಾಗೇ ಉಳಿದುಬಿಟ್ಟೆ.

ಕುರ್ಚಿಗಳು ಬರುತ್ತಿದ್ದದ್ದು ಹೆಚ್ಚಾಗಿ ಕಾರವಾರದಿಂದ. ಅಲ್ಲಿ ವರ್ಗವಾಗಿ ಬರುವ, ವರ್ಗವಾಗಿ ಹೋಗುವ ಕುಟುಂಬಗಳು ಯಾವಾಗಲೂ ಇರುತ್ತವೆ. ದೂರದ ಊರಿಗೆ ಮೇಜು, ಕುರ್ಚಿ ಸಾಗಿಸುವ ರಗಳೆ ಬೇಡವೆಂದು ಮಾರಿ ಹೋಗುತ್ತಾರೆ, ಅದನ್ನು ಕೊಂಡವರು ನಮ್ಮ ಹತ್ತಿರ ತರುತ್ತಾರೆ. ಗೋವೆಯ ಹಳೆಯ ಬಂಗಲೆಗಳಿಂದಲೂ ಆಗಾಗ ಬೆತ್ತದ ಆಸನದ ಭಾರೀ ಕುರ್ಚಿಗಳು ಬರುತ್ತಿದ್ದವು. ಅವು ಬಂದ ದಿನ ವೈನಿ ಮನೆಗೆ ಬೀಗರು ಬಂದ ಹಾಗೆ ಓಡಾಡುತ್ತಿದ್ದರು.

ವೈನಿಯ ಒಂದು ಪದ್ಧತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಕುರ್ಚಿ ಬಂದ ಕೂಡಲೇ ಬಿಚ್ಚುವಂತಿಲ್ಲ. ಮೊದಲು ಅದರಲ್ಲಿ ಕೂತು ಒಂದು ಊಟ ಮಾಡಬೇಕು. ಅಲ್ಲಾಡಿಸಿ ನೋಡಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಅಲ್ಲಾಡ್ಸಿದ್ರೆ ಕುರ್ಚಿ ಸುಳ್ಳು ಹೇಳ್ತದೆ ಮಾರಾಯ್ತಿ, ಉಂಡ್ರೆ ನಿಜ ಹೇಳ್ತದೆ" ಎಂದಿದ್ದರು. ಕಾರವಾರದ ಒಂದು ದೊಡ್ಡ ಮನೆಯ ಕುರ್ಚಿ ಹಾಗೇ ಬಂದಿತ್ತು. ಊಟದ ಹೊತ್ತಿಗೆ ಮಾತ್ರ ಕಿರುಗುಟ್ಟುತ್ತದೆ, ಉಳಿದಂತೆ ಗಟ್ಟಿ ಎಂದು ಅವರ ದೂರು. ವೈನಿ ಅದರಲ್ಲಿ ಕೂತು ಬಂಗಡೆ ಸಾರು ಅನ್ನ ಉಂಡರು. ಎಡಕ್ಕೆ ಬಾಗಿ ಪಾತ್ರೆಯಿಂದ ಸಾರು ಬಡಿಸಿಕೊಳ್ಳುವಾಗ ಕುರ್ಚಿ ಕಿರ್ ಎಂದಿತು. ವಿಚಾರಿಸಿದರೆ, ಅದು ಆ ಮನೆಯ ಅಜ್ಜಿ ಕೂರುವ ಕುರ್ಚಿ, ಎಲ್ಲರಿಗೂ ಬಡಿಸುವವರು ಅವರೇ. ಎಡಗಡೆಯ ಹಿಂದಿನ ಕಾಲಿನ ಜೋಡಣೆಯೊಂದನ್ನೇ ಬಿಚ್ಚಿ, ಅಂಟು ಹಾಕಿ, ಬಿಗಿದು ಕಳಿಸಿದೆವು. ಮತ್ತೆ ದೂರು ಬರಲಿಲ್ಲ. ನಾನೂ ಕೊನೆಯವರೆಗೆ ಈ ಪದ್ಧತಿ ಬಿಡಲಿಲ್ಲ. ನಮ್ಮನೆಯವರು ಮಾತ್ರ, "ಇವತ್ತು ಯಾರ ಮನೆ ಕುರ್ಚಿಲಿ ಊಟ?" ಎಂದು ತಮಾಷೆ ಮಾಡುತ್ತಿದ್ದರು.

ಕಡಲ ಗಾಳಿಯಲ್ಲಿ ಕೆಲಸ ಮಾಡುವವರು ಕೆಲವು ವಿಷಯ ತಿಳಿದಿರಬೇಕು. ಕಬ್ಬಿಣದ ಮೊಳೆ ಇಲ್ಲಿ ಬಾಳುವುದಿಲ್ಲ. ತುಕ್ಕು ಹಿಡಿದು ಬಟ್ಟೆಯಲ್ಲಿ ಇಳಿದು, ಕೂತವರ ಸೀರೆಗೆ ಅಚ್ಚು ಹಾಕುತ್ತದೆ. ವೈನಿ ದೋಣಿಯವರು ಹಾಕುವ ತಾಮ್ರದ ಮೊಳೆಯಲ್ಲೇ ಸಣ್ಣದು ಹುಡುಕಿ ತರುತ್ತಿದ್ದರು. ಹಾಗೇ ಅರಗಿನ ಪಾಲಿಶ್ ಮಳೆಗಾಲದಲ್ಲಿ ಹಚ್ಚಬಾರದು. ಗಾಳಿಯ ತೇವ ಕೂತು ಮರದ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಕವಿಯುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಪಾಲಿಶ್, ಮಳೆಗಾಲದಲ್ಲಿ ಜೋಡಣೆ ಬಿಗಿಯುವುದು, ನವಾರು ಹೆಣೆಯುವುದು. ಈಗ ಗಾಳಿಯಲ್ಲಿ ಸಿಂಪಡಿಸುವ ಪಾಲಿಶ್ ಬಂದಿದೆ, ಪಿನ್ನು ಹೊಡೆಯುವ ಗನ್ನು ಬಂದಿದೆ. ಅವನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ, ಆಸೆಯೇ. ಆ ಗನ್ನು ಮೊದಲೇ ಬಂದಿದ್ದರೆ ನನ್ನ ಹೆಬ್ಬೆರಳು ಉಳಿಯುತ್ತಿತ್ತು. ನಾನು ಸುತ್ತಿಗೆ ಜೋರಾಗಿ ಬಡಿದಾಗಲೆಲ್ಲ ವೈನಿ, "ಸುಮನಾ, ಎಂತಕೆ ಹಾಂಗೆ ಹೊಡೀತೀಯೆ? ಮೊಳೆ ನಿಂಗೆ ಎಂತ ಮಾಡ್ಯದೆ?" ಎನ್ನುತ್ತಿದ್ದರು.

ಇಷ್ಟೆಲ್ಲ ಬಲ್ಲ ವೈನಿಯೂ ಒಮ್ಮೆ ಎಡವಿದರು. ಅವರ ದೊಡ್ಡತನವನ್ನು ನಾನು ಸರಿಯಾಗಿ ಕಂಡದ್ದು ಆಗಲೇ, ಅದಕ್ಕೇ ಆ ಸಂಗತಿಯನ್ನು ವಿವರವಾಗಿ ಹೇಳುತ್ತೇನೆ.

ಶಾಲಿನಿ ಎಂಬವಳು ಕಾರವಾರದಲ್ಲಿ ಬೇರೆಯವರ ಖಾನಾವಳಿಯಲ್ಲಿ ಬಹಳ ಕಾಲ ಅಡುಗೆ ಮಾಡಿದವಳು. ಕೊನೆಗೆ ಧೈರ್ಯ ಮಾಡಿ ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ತನ್ನದೇ ಖಾನಾವಳಿ ತೆರೆಯಲು ಹೊರಟಳು. ಜಾಗ ಪಾಂಡುರಂಗ ಮಾಸ್ತರರದು. ನಿವೃತ್ತ ಮಾಸ್ತರರು, ಮಾತು ಕಡಿಮೆ, ಮಡಿಸಿದ ಗೆರೆ ಕೆಡದ ಬಿಳಿ ಪಂಚೆ. ಅವರು ಶಾಲಿನಿಗೆ ಒಂದೇ ಮಾತು ಹೇಳಿದ್ದರು: "ಚೌತಿವರೆಗೆ ನೋಡ್ವ. ನಡೆದ್ರೆ ನಿಂಗೇ. ಇಲ್ಲಾಂದ್ರೆ ಮೊಬೈಲ್ ಅಂಗಡಿಯವ ಕಾಯ್ತಾ ಇದ್ದ."

ಶಾಲಿನಿ ಕಾರವಾರದಲ್ಲಿ ಸಿಕ್ಕ ಸಿಕ್ಕ ಹಳೆಯ ಊಟದ ಕುರ್ಚಿಗಳನ್ನು ಕೊಂಡು ಟೆಂಪೋ ತುಂಬಿಸಿ ತಂದಳು. ಒಂದರ ಬೆನ್ನು ಎತ್ತರ, ಇನ್ನೊಂದರ ಕಾಲು ಡೊಂಕು, ಮತ್ತೊಂದಕ್ಕೆ ಹಿಂದಿನ ಮನೆಯ ಮಗು ಗೀಚಿದ ಪೆನ್ಸಿಲ್ ಗುರುತು. ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಸುಲಭವಲ್ಲವೇ ಎಂದೆ ನಾನು.

"ಬ್ಯಾಡ ಅಕ್ಕ. ಹೋಟ್ಲಲ್ಲಿ ತಿಂದಾಂಗೆ ಆಗೂದು ಬ್ಯಾಡ, ಮನೇಲಿ ಉಂಡಾಂಗೆ ಆಗ್ಬೇಕು ಬಂದವ್ರಿಗೆ. ಇವೆಲ್ಲ ಒಂದೇ ಮನೆಯವು ಅಂತ ಕಾಣೂ ಹಾಂಗೆ ಮಾಡ್ಕೊಡಿ ವೈನಿ" ಎಂದಳು.

ಆ ಮಾತು ವೈನಿಗೆ ಹಿಡಿಸಿತು. ಬೇಸಿಗೆ ಪೂರ್ತಿ ನಾವಿಬ್ಬರೂ ಅದೇ ಕೆಲಸದಲ್ಲಿ ಮುಳುಗಿದೆವು. ಹಳೆಯ ಬಣ್ಣ ಕೆರೆದು, ಪಾಲಿಶ್ ಪೇಪರಿನಿಂದ ಉಜ್ಜಿ ಉಜ್ಜಿ ಬೆರಳಿನ ಗೆರೆಯೇ ಅಳಿಸಿಹೋಯಿತು. ಎಲ್ಲಕ್ಕೂ ಒಂದೇ ಬಣ್ಣದ ಪಾಲಿಶ್, ಎಲ್ಲಕ್ಕೂ ದಪ್ಪ ಹತ್ತಿಯ ಕೆಂಪು ಬಟ್ಟೆ. ರೆಕ್ಸಿನ್ ಸೆಕೆಗೆ ಮೈಗೆ ಅಂಟುತ್ತದೆಂದು ಶಾಲಿನಿ ಬೇಡವೆಂದಿದ್ದಳು. ಆಸನದ ಒಳಗೆ ತುಂಬಲು ತೆಂಗಿನ ನಾರು. ನಾರನ್ನು ನಾವು ಯಾವಾಗಲೂ ರಾಮನಗುಳಿಯಿಂದ ತರಿಸುತ್ತಿದ್ದೆವು. ಆ ವರ್ಷ ಅಲ್ಲಿ ನಾರು ಮಾಡುವವರು ಮಗಳ ಬಾಣಂತನಕ್ಕೆ ಹೋಗಿ ಸಿಗಲಿಲ್ಲ. ವೈನಿ ಅಳಿವೆಯ ಹತ್ತಿರದ ಒಬ್ಬರಲ್ಲಿ ನಾರು ನೋಡಿ ಬಂದರು. ಎಳೆ ಉದ್ದ, ಬಣ್ಣ ಬಂಗಾರ. "ರಾಮನಗುಳಿದಕ್ಕಿಂತ ಇದೇ ಚೆಂದ ಅದೆ" ಎಂದು ಮೂಟೆ ಹೊರಿಸಿಕೊಂಡು ಬಂದರು. ಮುಟ್ಟಿದರೆ ಗರಿಗರಿ ಎನ್ನುತ್ತಿತ್ತು.

ಕುರ್ಚಿಗಳು ಸಾಲಾಗಿ ನಿಂತಾಗ ನಿಜವಾಗಿಯೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವುಗಳಂತೆ ಕಾಣುತ್ತಿದ್ದವು. ಶಾಲಿನಿ ಒಂದೊಂದನ್ನೂ ಸವರಿ ನೋಡಿ ಕಣ್ಣು ಒರೆಸಿಕೊಂಡಳು. ಖಾನಾವಳಿ ಶುರುವಾಯಿತು, ಜನ ಬಂದರು. ಅವಳ ಕೈಯ ರುಚಿಯನ್ನು ಕಾರವಾರದವರು ಬಲ್ಲರು, ಅಂಕೋಲೆಯವರಿಗೂ ತಿಳಿಯಿತು.

ಆಮೇಲೆ ಜೂನಿನ ಮೊದಲ ಮಳೆ, ಮಿರ್ಗದ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಪಾಂಡುರಂಗ ಮಾಸ್ತರರು ಉಂಡು ಎದ್ದು, ಕೈ ತೊಳೆಯಲು ನಡೆದರು. ಹಿಂದೆ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರ ಬಿಳಿ ಪಂಚೆಯ ಹಿಂಭಾಗ ಒದ್ದೆಯಾಗಿ, ಅದರ ಮೇಲೆ ಕೆಂಪು ಬಣ್ಣ ಹರಡಿಕೊಂಡಿತ್ತು. ಅವರು ಕೊಡೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಮನೆಗೆ ಹೋದರು.

ಊರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಖಾನಾವಳಿಯ ಮಾಡು ಸೋರುತ್ತದೆ ಎಂದರು ಕೆಲವರು. ಮೀನು ತೊಳೆದ ನೀರು ಕುರ್ಚಿಯ ಮೇಲೆ ಚೆಲ್ಲಿ ಒರೆಸುವುದಿಲ್ಲ ಎಂದರು ಇನ್ನು ಕೆಲವರು. ಅಡುಗೆಯವಳ ಹೆಸರು ಹೋಗಲು ಅಷ್ಟು ಸಾಕು. ಒಂದು ವಾರದಲ್ಲಿ ಜನ ಬರುವುದು ನಿಂತಿತು. ಶಾಲಿನಿ ಹಟ್ಟಿಕೇರಿಗೆ ಬಂದು ಜಗಲಿಯ ಮೇಲೆ ಕೂತು, "ಚೌತಿವರೆಗೂ ಬ್ಯಾಡ ವೈನಿ, ಮಾಸ್ತರ್ರು ಈಗ್ಲೇ ಬಿಡೂಕೆ ಹೇಳ್ತ್ರು ಕಾಣ್ತದೆ" ಎಂದು ಅತ್ತಳು. ಕುರ್ಚಿಯ ಬಗ್ಗೆ ಒಂದು ಬಿರುಸಿನ ಮಾತೂ ಅವಳ ಬಾಯಿಂದ ಬರಲಿಲ್ಲ. ಅದು ನಮ್ಮನ್ನು ಹೆಚ್ಚು ಸುಟ್ಟಿತು.

ವೈನಿ ಆಗಲೇ ಕೊಡೆ ತೆಗೆದುಕೊಂಡು ಹೊರಟರು. ಖಾನಾವಳಿಯಲ್ಲಿ ಒಂದೊಂದು ಕುರ್ಚಿಯ ಮೇಲೂ ಅಂಗೈ ಒತ್ತಿ ನೋಡಿದರು. ಎಲ್ಲವೂ ಜಿಡ್ಡು ಜಿಡ್ಡಾಗಿ ಒದ್ದೆ. ಮಾಡು ಎಲ್ಲೂ ಸೋರುತ್ತಿರಲಿಲ್ಲ. ಅಲ್ಲೇ ಒಂದರ ಬಟ್ಟೆ ಕೊಯ್ದು, ಒಳಗಿನ ನಾರು ಹಿರಿದು, ಒಂದು ಎಳೆಯನ್ನು ಬಾಯಿಗೆ ಹಾಕಿಕೊಂಡರು. ಚೀಪಿದರು. ಮುಖ ಇಳಿದುಹೋಯಿತು.

"ಉಪ್ಪು" ಎಂದರು.

ನನ್ನ ಕೈಗೂ ಒಂದು ಎಳೆ ಕೊಟ್ಟರು. ಬೆಳಂಬಾರದ ಕಡಲಲ್ಲಿ ಮಿಂದೆದ್ದಾಗ ತುಟಿಗೆ ಹತ್ತುವ ಅದೇ ರುಚಿ. ರಾಮನಗುಳಿಯವರು ತೆಂಗಿನ ಸಿಪ್ಪೆಯನ್ನು ನದಿಯ ಸಿಹಿನೀರಿನಲ್ಲಿ ನೆನೆಹಾಕುತ್ತಾರೆ. ಇದು ಅಳಿವೆಯ ಉಪ್ಪುನೀರಿನಲ್ಲಿ ನೆನೆದ ನಾರು. ಬೇಸಿಗೆಯಲ್ಲಿ ಒಣಗಿ ಗರಿಗರಿಯಾಗಿತ್ತು, ಮಳೆಗಾಲ ಬಂದದ್ದೇ ಒಳಗಿನ ಉಪ್ಪು ಗಾಳಿಯ ತೇವವನ್ನೆಲ್ಲ ಹೀರಿತು. ಅಡುಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ನೀರೊಡೆಯುವುದನ್ನು ಹುಟ್ಟಿದಂದಿನಿಂದ ನೋಡಿದವರು ನಾವು. ನಾರಿನಲ್ಲೂ ಅದೇ ಆದೀತು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ನಾರು ಕೊಟ್ಟವ ಮೋಸ ಮಾಡ್ದ ಅಂತ ಹೇಳ್ವ ವೈನಿ. ನಿಮ್ಮ ಹೆಸ್ರು ಎಂತಕೆ ಕೆಡ್ಬೇಕು?" ಎಂದೆ ನಾನು.

"ನಾರು ಕೊಟ್ಟವ ಕುರ್ಚಿ ಮಾಡ್ಲಿಲ್ಲ, ಸುಮನಾ. ಮಾಡ್ದವ್ಳು ನಾನು."

ಅಲ್ಲಿಂದ ನೇರ ಮಾಸ್ತರರ ಮನೆಗೆ ಹೋದರು. ಮಾಸ್ತರರು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. "ಮಾಸ್ತರೆ, ನಿಮ್ಮ ಪಂಚೆ ಹಾಳಾದದ್ದು ನನ್ನ ಕೆಲ್ಸದಿಂದ. ಶಾಲಿನಿ ಅಡಿಗೆಮನೆ ನನ್ನ ದೇವರ ಕೋಣೆಗಿಂತ ಚೊಕ್ಕ ಅದೆ. ಸಿಟ್ಟಾಗೂದಾದ್ರೆ ನನ್ನ ಮೇಲೆ ಆಗಿ" ಎಂದರು.

ಮಾಸ್ತರರು ಪತ್ರಿಕೆಯಿಂದ ತಲೆ ಎತ್ತಿದರು. "ಸಿಟ್ಟು ಎಂತದೂ ಇಲ್ಲ. ಚೌತಿವರೆಗೆ ಅಂದಿದ್ದೆ, ಚೌತಿವರೆಗೇ" ಎಂದು ಮತ್ತೆ ಓದತೊಡಗಿದರು.

ವೈನಿ ಅಷ್ಟಕ್ಕೇ ನಿಲ್ಲಲಿಲ್ಲ. ಬಸ್ ನಿಲ್ದಾಣದಲ್ಲಿ ಹೂವು ಮಾರುವವಳಿಗೆ, ದರ್ಜಿಗೆ, ಖಾನಾವಳಿಗೆ ಬರುತ್ತಿದ್ದ ಕಂಡಕ್ಟರಿಗೆ, ಎಲ್ಲರಿಗೂ ಅದನ್ನೇ ಹೇಳಿದರು. ಕುರ್ಚಿ ಒದ್ದೆಯಾದದ್ದು ತಮ್ಮ ಕೈಯಿಂದ, ಅಡುಗೆಯವಳದು ಏನೂ ಇಲ್ಲ ಎಂದು. ಪಕ್ಕದಲ್ಲಿ ನಿಂತ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಇನ್ನು ಯಾರು ನಮಗೆ ಕುರ್ಚಿ ತಂದು ಕೊಡುತ್ತಾರೆ? ಅದೇ ನಮ್ಮ ಅನ್ನ. ಆದರೆ ವೈನಿಯ ದನಿ ಒಮ್ಮೆಯೂ ಅಳುಕಲಿಲ್ಲ. ಅಂಥ ಹೆಂಗಸಿನ ಕೈಕೆಳಗೆ ಕೆಲಸ ಮಾಡಿದೆನಲ್ಲ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ತಪ್ಪು ಒಪ್ಪಿಕೊಂಡರೆ ಕುರ್ಚಿ ಒಣಗುವುದಿಲ್ಲವಲ್ಲ. ನಾರನ್ನು ಸಿಹಿನೀರಿನಲ್ಲಿ ತೊಳೆಯಬಹುದಿತ್ತು, ಆ ಮಳೆಯಲ್ಲಿ ಒಣಗಿಸುವುದು ಎಲ್ಲಿ? ಫೋಮು ಹುಬ್ಬಳ್ಳಿಯಿಂದ ಬರಬೇಕು, ಘಟ್ಟದಲ್ಲಿ ಮಣ್ಣು ಕುಸಿದು ಲಾರಿಗಳು ನಿಂತಿದ್ದವು. ವೈನಿ ಎಲ್ಲ ಆಸನಗಳನ್ನೂ ಬಿಚ್ಚಿಸಿದರು. ಬರಿಯ ಚೌಕಟ್ಟುಗಳ ಎದುರು ಕೂತು, "ನೀರು ಹಿಡ್ಕಳ್ಳದೇ ಇರೂದು ಎಂತ ಅದೆ ನಮ್ಮೂರಲ್ಲಿ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಬೆಳಂಬಾರದ ಬಸ್ಸು ಹತ್ತಿದರು.

ಬೆಳಂಬಾರದಲ್ಲಿ ನಾಗಪ್ಪ ತಾಂಡೇಲರೆಂದರೆ ಹಳೆಯ ಮೀನುಗಾರರು. ಅವರ ದೋಣಿಯನ್ನು ಕಟ್ಟಿದವರು ವೈನಿಯ ಗಂಡ. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿರುತ್ತವೆ, ಗಂಡಸರು ಚಪ್ಪರದ ಕೆಳಗೆ ಕೂತು ಬಲೆ ರಿಪೇರಿ ಮಾಡುತ್ತಾರೆ. ನೈಲಾನ್ ಹುರಿ, ಬಲೆ ಹೆಣೆಯುವ ಸೂಜಿ, ಪುರಸೊತ್ತಿನ ಕೈ, ಮೂರೂ ಅಲ್ಲಿದ್ದವು. ಕುರ್ಚಿಗೆ ಆಸನದ ಬದಲು ಬಲೆ ಬಿಗಿದು ಕೊಡಿ ಎಂದು ವೈನಿ ಕೇಳಿದರು.

ತಾಂಡೇಲರು ಕೈಯ ಸೂಜಿ ಕೆಳಗಿಟ್ಟರು. "ಬಲೆ ಮೇಲೆ ಕೂತ್ಕಳೂಕೆ ಹೇಳ್ತ್ರ್ಯಾ ವೈನಿ? ನಮ್ಮನೆ ಮಕ್ಳು ಬಲೆ ದಾಟಿದ್ರೆ ಕೈ ಮುಗಿಸ್ತೆ ನಾನು. ಅನ್ನ ಕೊಡೂದು ಅದು. ಅದ್ರ ಮೇಲೆ ಊರವ್ರ ಕುಂಡೆ ಇಡ್ಸೂದಾ? ನನ್ನಿಂದ ಆಗೂದಿಲ್ಲ."

ವೈನಿ ಎದುರಾಡಲಿಲ್ಲ. ಗಂಡನ ಬಾಚಿಯನ್ನು ಯಾರಾದರೂ ದಾಟಿದರೆ ಅವರೂ ಹೀಗೇ ಸಿಡುಕುವವರು. "ಹೌದು, ನಾ ಕೇಳಬಾರ್ದಾಗಿತ್ತು" ಎಂದು ಎದ್ದರು. ಶಾಲಿನಿಯ ಖಾನಾವಳಿ ಮುಗಿಯಿತು ಎಂದುಕೊಂಡೆ ನಾನು.

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದವರು ತಾಂಡೇಲರ ಹೆಂಡತಿ. ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಮಾರಿ ಬಾಯಿ ಹರಿತವಾದವರು. "ಗಂಟು ಹಾಕಿದ್ರೆ ಬಲೆ, ನೇಯ್ದ್ರೆ ಮಂಚ. ಹುರಿ ಒಂದೇ ಅಲ್ವಾ? ದಿನಾ ಉಂಡ್ಕಂಡಿ ಹುರಿ ಮಂಚದ ಮೇಲೆ ಬಿದ್ಕತ್ರಿ, ಅದಕ್ಕೆ ಎಂದಾರೂ ಕೈ ಮುಗ್ದದ್ದು ಅದ್ಯಾ?" ಎಂದು ಗಂಡನನ್ನು ಕೇಳಿದರು.

ಚಪ್ಪರದ ಕೆಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಾಂಡೇಲರು ಗಡ್ಡ ಕೆರೆದುಕೊಂಡು ಯೋಚಿಸಿದರು. ಹೊಸ ಹುರಿಯ ಉಂಡೆಯೊಂದನ್ನು ಎತ್ತಿಕೊಂಡು ಕೇಳಿದರು: "ಒಂದೂ ಗಂಟು ಇರಬಾರ್ದು. ಆಗೂದಾ?"

"ಆಗ್ತದೆ. ತುದಿಗೆ ಮೊಳೆ ನಾ ಹೊಡೀತೆ" ಎಂದರು ವೈನಿ.

ತಾಂಡೇಲರೂ ಅವರ ಜೊತೆಯವರೂ ಅಂಕೋಲೆಗೆ ಬಂದು ಖಾನಾವಳಿಯಲ್ಲೇ ಕೂತು ನೇಯ್ದರು. ಮೊದಲ ಕುರ್ಚಿ ತೊಟ್ಟಿಲಿನಂತೆ ಜೋತುಬಿತ್ತು, ಕೂತ ನಾನು ಎದ್ದು ಬರಲು ಇಬ್ಬರು ಕೈ ಹಿಡಿಯಬೇಕಾಯಿತು. ಬಲೆಯವರ ಕೈಗೆ ಸಡಿಲ ಬಿಡುವುದೇ ಅಭ್ಯಾಸ. ಆಮೇಲೆ ವೈನಿ ಹುರಿ ಎಳೆದು ಹಿಡಿಯುವುದು, ತಾಂಡೇಲರು ಮೇಲೊಂದು ಕೆಳಗೊಂದು ತೂರಿಸುವುದು, ನಾನು ತಾಮ್ರದ ಮೊಳೆ ಬಡಿಯುವುದು. ಎಳೆಗಳು ಓರೆಯಾಗಿ ಹಾದು ಹಳೆಯ ಬೆತ್ತದ ಕೆಲಸದಂತೆ ಕಂಡವು. ಶಾಲಿನಿ ಒಣ ಸೀಗಡಿ ಚಟ್ನಿ, ಗಂಜಿ ಮಾಡಿ ಎಲ್ಲರಿಗೂ ಬಡಿಸಿದಳು. ಕಡಲಿನ ಮೇಲೆ ಬದುಕು ಕಳೆದ ಆ ಮನುಷ್ಯ ಕುರ್ಚಿಯ ಎದುರು ಅಷ್ಟು ತಗ್ಗಿ ಕೂತು ಕೆಲಸ ಮಾಡಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಖಾನಾವಳಿ ಮತ್ತೆ ತೆರೆಯಿತು. ಬಂದವರು ಮೊದಲು ಅಂಗೈ ಒತ್ತಿ ನೋಡುವುದು, ಆಮೇಲೆ ಕೂರುವುದು. ಕಂಡಕ್ಟರು ಬಂದ, ದರ್ಜಿ ಬಂದ. ಆದರೆ ಮಾಸ್ತರರು ಆ ಕಡೆ ತಲೆ ಹಾಕಲಿಲ್ಲ. ಚೌತಿ ಹತ್ತಿರ ಬಂತು. ಮೊಬೈಲ್ ಅಂಗಡಿಯವನು ಒಮ್ಮೆ ಹೊರಗೆ ನಿಂತು ಗೋಡೆ ಅಳೆಯುವವನ ಹಾಗೆ ನೋಡಿ ಹೋದ. ಶಾಲಿನಿ ದಿನಕ್ಕೆ ಎಷ್ಟೋ ಸಲ ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದಳು.

ಚೌತಿಗೆ ಇನ್ನೇನು ಕೆಲವೇ ದಿನ ಇದ್ದಾಗ, ನಾನೂ ವೈನಿಯೂ ಖಾನಾವಳಿಯ ಮೂಲೆಯಲ್ಲಿ ಕೂತಿದ್ದ ಹೊತ್ತಿಗೆ ಮಾಸ್ತರರು ಬಂದರು. ಅದೇ ಬಿಳಿ ಪಂಚೆ. ಹೊರಗೆ ಧಾರಾಕಾರ ಮಳೆ. ಅವರು ಕುರ್ಚಿಯ ಮೇಲೆ ಅಂಗೈ ಇಡಲಿಲ್ಲ, ಸುಮ್ಮನೆ ಕೂತರು. ಶಾಲಿನಿ ಬಸಳೆ ಸಾಂಬಾರು, ಅಂಬಟೆಕಾಯಿ ಗೊಜ್ಜು, ಅನ್ನ ಬಡಿಸಿದಳು. ಸಾಂಬಾರು ಎಲೆಯ ಅಂಚಿಗೆ ಚೆಲ್ಲಿತು. ಮಾಸ್ತರರು ನಿಧಾನವಾಗಿ ಉಂಡರು. ಅರ್ಧ ಊಟದಲ್ಲಿ ಸ್ವಲ್ಪ ಎದ್ದು, ಎಡಗೈಯಿಂದ ಪಂಚೆಯ ಹಿಂಭಾಗ ಮುಟ್ಟಿ, ಆ ಕೈಯನ್ನು ಕಣ್ಣೆದುರು ತಂದು ನೋಡಿಕೊಂಡರು. ಅವರು ಮತ್ತೆ ಕೂತರು.

"ಈ ಹುರಿ ಕುರ್ಚಿ ಮಾಡ್ದವ್ರು ಯಾರು?" ಎಂದು ಶಾಲಿನಿಯನ್ನು ಕೇಳಿದರು.

ಶಾಲಿನಿ ವೈನಿಯ ಕಡೆ ನೋಡಿದಳು. ಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ವೈನಿ ಕೂತಲ್ಲಿಂದಲೇ, "ಒದ್ದೆ ಕುರ್ಚಿ ಮಾಡ್ದವ್ಳೇ, ಮಾಸ್ತರೆ" ಎಂದರು.

ಮಾಸ್ತರರು ಆ ಕಡೆ ತಿರುಗಲಿಲ್ಲ. ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಹೇಳಿದರು: "ಹಾಂಗಾರೆ ನಮ್ಮನೆದೂ ಆರು ಕುರ್ಚಿ ಅದೆ. ಚೌತಿ ಮುಗೀಲಿ, ಕಳಿಸ್ತೆ." ಆಮೇಲೆ ಶಾಲಿನಿಗೆ, "ಆ ಮೊಬೈಲಿನವನಿಗೆ ಬ್ಯಾರೆ ಜಾಗ ನೋಡೂಕೆ ಹೇಳಿದ್ದೆ. ನೀ ಇನ್ನು ಚೂರು ಅನ್ನ ತಾ" ಎಂದರು.

ಶಾಲಿನಿ ಅನ್ನ ತರಲು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿನಿಂದ ಬಿಕ್ಕುವ ಸದ್ದು ಕೇಳುತ್ತಿತ್ತು. ಮಾಸ್ತರರು ಸಾರು ಕಲಸಿದ ಕೈಯಲ್ಲೇ ಕಾಯುತ್ತ ಕೂತರು. ಕೊನೆಗೆ ವೈನಿಯೇ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಳಗಿನಿಂದ ಅನ್ನದ ಪಾತ್ರೆ ತಂದು ಅವರಿಗೆ ಬಡಿಸಿದರು.